ಅಕ್ಕನಿಗೆಂದು ಮಾಡಿದ ಕಿಮ್ಚಿ

ಚಮಚ ತುಟಿಯ ಹತ್ತಿರ ಬಂದಾಗ ಅಕ್ಕನ ಕೈ ತಡೆಯಿತು. "ಸೀಗಡಿ ಹಾಕಿಲ್ಲ ತಾನೇ?"

"ಎಷ್ಟು ಸಲ ವಿಚಾರಣೆ ಮಾಡ್ತೀಯಕ್ಕ?" ತಂಗಿ ನಕ್ಕಳು. "ಎಲೆಕೋಸು, ಮೂಲಂಗಿ, ಬೆಳ್ಳುಳ್ಳಿ, ಶುಂಠಿ, ಮೆಣಸಿನಪುಡಿ, ಉಪ್ಪು. ಅಷ್ಟೇ. ಕಿಮ್ಚಿ ಮನೇಲೇ ಮಾಡಿದ್ರೆ ಅದೇ ಲಾಭ, ಒಳಗೆ ಏನಿದೆ ಅಂತ ನಮಗೆ ಗೊತ್ತಿರುತ್ತೆ. ನಿನಗೋಸ್ಕರ ಐದು ದಿನ ಹುಳಿ ಬರಿಸಿದ್ದೀನಿ."

ಈ ಕೊರಿಯನ್ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಸೀಗಡಿ ಹಾಕುತ್ತಾರೆ. ಅಂಗಡಿಯ ಜಾಡಿಯಾಗಿದ್ದರೆ ಅಕ್ಕ ತಿರುಗಿಸಿ ಲೇಬಲ್ ಓದುತ್ತಿದ್ದಳು. ಸೀಗಡಿ ಸೋಕಿದರೆ ಅವಳ ಗಂಟಲು ಊದಿಕೊಳ್ಳುತ್ತದೆ. ಹಿಂದೊಮ್ಮೆ ತಂಗಿಯ ಮರೆವಿನಿಂದಲೇ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಈ ಜಾಡಿಯ ಮೇಲೆ ಓದಲು ಏನೂ ಇರಲಿಲ್ಲ. ಅವಳು ಚಮಚ ಕೆಳಗಿಟ್ಟಳು. "ಇವತ್ತು ಯಾಕೋ ಹೊಟ್ಟೆ ಸರಿಯಿಲ್ಲ ಕಣೇ."

"ಇರ್ಲಿ ಬಿಡಕ್ಕ." ತಂಗಿ ಜಾಡಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ತೊಳೆಯಲು ಹೋದ ಅಕ್ಕ ಬಾಗಿಲಲ್ಲೇ ನಿಂತಳು. ಮೇಲಿನ ಗೂಡಿನಲ್ಲಿ ಹೊಸ ಚಾಕು, ಹೊಸ ಮಣೆ, ಹೊಸ ಬೋಗುಣಿ, ಮಿಕ್ಕ ಪಾತ್ರೆಗಳಿಂದ ದೂರ. ಅವುಗಳ ಮುಂದೆ ತಂಗಿಯ ದುಂಡು ಅಕ್ಷರದ ಚೀಟಿ: 'ಅಕ್ಕನಿಗೆ ಮಾತ್ರ. ಯಾರೂ ಮುಟ್ಟಬೇಡಿ.'

"ಒಂದು ಚಮಚ ಕೊಡೇ," ಅಂದಳು ಅಕ್ಕ.

ತಂಗಿ ಗಾಬರಿಯಿಂದ ತಿರುಗಿದಳು. ಅವಳ ಕೈಯಲ್ಲಿ ಒಣಸೀಗಡಿ ಪುಡಿಯ ಡಬ್ಬಿ ಇತ್ತು. "ಅಯ್ಯೋ, ಹತ್ತಿರ ಬರಬೇಡಕ್ಕ! ನೀನು ತಿನ್ನಲ್ವಲ್ಲ ಅಂತ ಈಗಷ್ಟೇ ಪೂರ್ತಿ ಜಾಡಿಗೆ ಬೆರೆಸಿಬಿಟ್ಟೆ. ನಮ್ಮನೆಯವರಿಗೆ ಇದಿಲ್ಲದೆ ರುಚಿಸಲ್ಲ."