ಚುಕ್ಕೆಯಿಲ್ಲದ ವರ

ಸಂಜೆ ತರಗತಿಯಲ್ಲಿ ಸ್ಕ್ಯಾನ್ ಓದಲು ಕಲಿತ ನಾನು ಇದನ್ನು ಹೇಳಬಾರದೇನೋ, ಕ್ಷಮಿಸಿ.

ಬಚ್ಚಿಟ್ಟ ಗುಟ್ಟು ಮಿದುಳಿನಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಯಾರಿಗಾದರೂ ಹೇಳಿದೊಡನೆ ಅಳಿಸಿಹೋಗುತ್ತದೆ. ಹಾಗಾಗಿ ಮದುವೆ ನಿಶ್ಚಯಕ್ಕೆ ಮೊದಲು ವರನ ಎಂಆರ್‌ಐ ನನ್ನ ಮೇಜಿಗೆ ಬರುತ್ತದೆ.

ಮೂರು ಸಲ ನೋಡಿ, “ಒಂದೂ ಚುಕ್ಕಿ ಇಲ್ರೀ,” ಎಂದೆ.

ಹುಡುಗಿಯ ತಾಯಿ ಬಸಲಿಂಗವ್ವ ಹಿಗ್ಗಿದರು. “ಬಂಗಾರದಂಥಾ ಹುಡುಗ! ನಾಳೆನ ಸಕ್ಕರಿ ಹಂಚಿ ಮದುವಿ ನಿಶ್ಚಯ ಮಾಡೂಣು.”

ಗಂಡನಿಗೆ ಫೋನ್ ಮಾಡಲು ಅವರು ಹೊರಗೆ ಹೋದೊಡನೆ ಮಗಳು ಸುವರ್ಣಾ ಮೇಜಿನತ್ತ ಬಾಗಿದಳು.

“ಸರ, ಇನ್ನೊಮ್ಮೆ ನೋಡ್ರಿ. ಒಂದಾದ್ರೂ ಚುಕ್ಕಿ ಇರಬೇಕು.”

“ಯಾಕವ್ವಾ?”

“ನಾನೂ ಈ ಹುಡುಗನೂ ಎರಡು ವರ್ಷದಿಂದ ಕದ್ದು ಭೇಟಿ ಆಗ್ತೀವ್ರಿ. ಯಾರಿಗೂ ಹೇಳಂಗಿಲ್ಲಂತ ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡ್ಯಾನ!”

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಇರಲಿಲ್ಲ.

“ಹಂಗಾರ ಯಾರ ಮುಂದ ಹೇಳ್ಯಾನ್ರಿ? ಅದು ಗೊತ್ತಾಗೂತನಕ ಸಕ್ಕರಿ ಇಲ್ಲ!”

ಅದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ನನಗೂ ಗೊತ್ತಿಲ್ಲ.