ಎಣ್ಣೆ ಮುಟ್ಟದ ತಲೆ

ಅತ್ತೆ ಇವತ್ತೂ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಸೋಮವಾರದಿಂದ ಹೀಗೆಯೇ. ಇವತ್ತು ಭಾನುವಾರ. ಹೊರಗೆ ಹಾಲ್‌ನಲ್ಲಿ ಗಿರಾಕಿಗಳು ಬಂದು ಕೂತಿದ್ದರು.

ಸುಲಭಾ ಎಣ್ಣೆಯ ಬಟ್ಟಲು ತಂದು ಅವರ ಮುಂದಿಟ್ಟಳು. ಪುಣೆಯ ಕೋಥರೂಡದಲ್ಲಿ ಅವರ ಮನೆಯ ಎಣ್ಣೆಗೆ ಅತ್ತೆ ಅಂಬಾಬಾಯಿಯ ತಲೆಯೇ ಜಾಹೀರಾತು. ಭೃಂಗರಾಜ, ದಾಸವಾಳ, ಮೆಂತ್ಯ ಹಾಕಿ ಕಾಯಿಸಿದ ಎಣ್ಣೆಯ ಪ್ರತಿ ಶೀಶೆಯ ಮೇಲೂ ಅವರದೇ ಫೋಟೊ: ಸೊಂಟ ಮುಟ್ಟುವ ಜಡೆ, ಹಣೆ ತುಂಬ ಕುಂಕುಮ. ಸುಲಭಾ ಸೊಸೆಯಾಗಿ ಬರುವ ಮೊದಲೇ ಮಾವ ತೀರಿಕೊಂಡಿದ್ದರಂತೆ. ಆದರೂ ಅತ್ತೆ ಕುಂಕುಮ ಬಿಟ್ಟಿರಲಿಲ್ಲ. ಆ ದಿಟ್ಟತನಕ್ಕೆ ಅರ್ಧ ಗಿರಾಕಿಗಳು ಮಾರುಹೋಗಿದ್ದರು.

ಈ ಸಲದ ಎಣ್ಣೆಯನ್ನು ಸುಲಭಾ ಒಬ್ಬಳೇ ಕಾಯಿಸಿದ್ದಳು. ಸೋಮವಾರ ಸೋಸಿದಳು. ಅತ್ತೆ ಬಾಣಲೆಯ ಹತ್ತಿರವೂ ಬರಲಿಲ್ಲ. ಮಂಗಳವಾರ ಅದೇ ಅಪಾರ್ಟ್‌ಮೆಂಟಿನ ಬಿ ವಿಂಗಿನ ಮಂಜರಿಯ ಫೋನು: "ತಲಿ ಒಂದೀಟು ಕಡೀಲಿಕ್ಹತ್ತೇದ ನೋಡ್ರಿ."

ಅಷ್ಟರೊಳಗೆ ನಲವತ್ತು ಮನೆಗಳಿಗೆ ಶೀಶೆಗಳು ಹೋಗಿದ್ದವು.

ಅತ್ತೆಗೆ ಏನೋ ಗೊತ್ತು. ಗಂಡ ವಿಕಾಸನಿಗೂ ಗೊತ್ತು. ತಾಯಿ ಮಗ ಬಾಲ್ಕನಿಯಲ್ಲಿ ಪಿಸುಗುಟ್ಟುತ್ತಾರೆ, ಇವಳು ಬಂದರೆ ಬಾಯಿ ಮುಚ್ಚುತ್ತಾರೆ. ವಿಕಾಸ ಗಡ್ಡವನ್ನೂ ತೆಗೆದಿಲ್ಲ. ಕೇಳಿದರೆ, "ಆಫೀಸಿನ ತ್ರಾಸು, ಬಿಡು."

"ಅಂಬಾಬಾಯಿ, ಬರ್ರಿ!" ಹಾಲ್‌ನಿಂದ ರಂಜನಾ ಕೂಗಿದಳು. ಬೆಳಗಾವಿ ಕಡೆಯವಳು, ಶಿವಾಜಿನಗರದಲ್ಲಿ ಅವಳ ಅಂಗಡಿ. ಇವತ್ತು ನೋಡಿ ಒಪ್ಪಿದರೆ ಎಣ್ಣೆ ಅಲ್ಲಿಯೂ ಸಿಗುತ್ತದೆ. "ಮೊದಲ ನಿಮ್ಮ ನೆತ್ತಿಗೆ, ಆಮ್ಯಾಲ ನಮಗ. ಅದ ಅಲ್ರಿ ನಿಮ್ಮ ಪದ್ಧತಿ?"

ಅತ್ತೆ ಬಂದರು. ಕೂತರು. ಬಟ್ಟಲು ಮುಟ್ಟಲಿಲ್ಲ.

"ಇವತ್ತ ನಂದು ಬ್ಯಾಡವಾ. ನಿಮಗ ಸೊಸಿ ಹಚ್ತಾಳ."

"ಅಯ್ಯ, ಅಡಿಗಿ ಮಾಡಿದಾಕಿನ ಉಪಾಸ ಅಂದ್ರ ನಾವು ಹೆಂಗ ಉಣ್ಣೂದ್ರೀ?"

ಎಲ್ಲರೂ ನಕ್ಕರು. ಮಂಜರಿ ಮಾತ್ರ ನಗದೆ ನೆತ್ತಿ ಕೆರೆದುಕೊಂಡಳು.

ಸುಲಭಾಳಿಗೆ ತಡೆಯಲಾಗಲಿಲ್ಲ. ಅಂಗೈಗೆ ಎಣ್ಣೆ ಸುರಿದುಕೊಂಡು ಅತ್ತೆಯ ನೆತ್ತಿಯತ್ತ ಕೈ ಚಾಚಿದಳು. ವಿಕಾಸ ಧಾವಿಸಿ ಬಂದು ಮಣಿಕಟ್ಟು ಹಿಡಿದ. ಎಣ್ಣೆ ನೆಲಕ್ಕೆ ಚೆಲ್ಲಿತು.

"ಒಳಗ ನಡಿ."

ಅಡುಗೆಮನೆಯಲ್ಲಿ ಅವಳು ಸಿಡಿದಳು. "ಎಣ್ಣಿ ಕೆಟ್ಟದ, ಹೌದಲ್ಲ? ಮಂದಿ ತಲಿಗೆ ಹಚ್ಚೂದು, ನಿಮ್ಮ ತಲಿಗೆ ಬ್ಯಾಡ? ಇನ್ನ ನಾ ಸುಮ್ನಿರಂಗಿಲ್ಲ. ಎಲ್ಲಾರಿಗೂ ಹೇಳಿಬಿಡ್ತೀನಿ."

ಹಿಂದೆಯೇ ಬಂದ ಅಂಬಾಬಾಯಿ ಬಾಗಿಲು ಹಾಕಿಕೊಂಡರು.

"ಎಣ್ಣಿಗೆ ಏನೂ ಆಗಿಲ್ಲವಾ. ಮಂಜರಿ ಹೋದ ಐತವಾರ ಕೂದಲಕ್ಕ ಬಣ್ಣಾ ಹಚ್ಚಿಸಿಕೊಂಡಾಳ, ಅದಕ್ಕ ಕಡೀತದ."

"ಮತ್ತ ನೀವು ಯಾಕ ಹಚ್ಚಿಕೊಳ್ಳವಲ್ರಿ?"

ಅಂಬಾಬಾಯಿ ಮಗನ ಮುಖ ನೋಡಿದರು. ಆಮೇಲೆ ಸೊಸೆಯದು.

"ಸೂತಕ ಅದ. ನಿಮ್ಮ ಮಾವ ಇಷ್ಟ ವರ್ಷ ನಮ್ಮನ್ನ ಬಿಟ್ಟು ಇನ್ನೊಬ್ಬಾಕಿ ಜೋಡಿ ಇದ್ರು. ಸೋಮವಾರ ಸಾಸವಡದಾಗ, ಆಕೀ ಮನ್ಯಾಗ ತೀರಿಕೊಂಡ್ರು."