ನಾಲ್ಕು ಗಂಟೆಯ ದಾರಿ

ದುಬೈಯಿಂದ ಮಂಗಳೂರಿಗೆ ವಿಮಾನದಲ್ಲಿ ನಾಲ್ಕೇ ಗಂಟೆಯ ದಾರಿ. ದುಬೈಯಲ್ಲಿ ಕೆಲಸಕ್ಕಿದ್ದ ದಿವಾಕರ ಹೆಂಡತಿಗೆ ವೀಸಾ ಕಳಿಸಿ ತಿಂಗಳಾಗಿದ್ದರೂ ಅವಳು ಬರುವ ಮಾತೆತ್ತಿರಲಿಲ್ಲ. ಮೇಲಾಗಿ ಮೊನ್ನೆ ಫೋನಿನಲ್ಲಿ ಅವಳ ಹಿಂದಿನಿಂದ ಗಂಡಸೊಬ್ಬನ ನಗು ಕೇಳಿಸಿತ್ತು.

"ಟೀವಿ ಮಾರಾಯ್ರೆ," ಎಂದಿದ್ದಳು.

ಅಂದಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಯಾರಿಗೂ ಹೇಳದೆ ವಿಮಾನ ಹತ್ತಿದ. ಎರಡೂವರೆ ಸಾವಿರ ಕಿಲೋಮೀಟರ್ ಉದ್ದಕ್ಕೂ ಆ ನಗು ಕಿವಿಯಲ್ಲೇ ಇತ್ತು.

ಮನೆಗೆ ಬಂದರೆ ಬೀಗ. ಜಗಲಿಯಲ್ಲಿ ಚೀಲ ಇಳಿಸಿ, ದುಬೈಯಲ್ಲೇ ಇರುವವನಂತೆ ಫೋನ್ ಮಾಡಿದ.

"ಎಲ್ಲಿದ್ದಿ?"

"ಎಲ್ಲಿಗೆ ಹೋಗ್ಲಿ? ಮನೆಯಲ್ಲೇ. ಅಡುಗೆ ಮಾಡ್ತಾ ಇದ್ದೇನೆ."

ಅವನು ಹಲ್ಲು ಕಚ್ಚಿಕೊಂಡು ಬೀಗವನ್ನೊಮ್ಮೆ ಜಗ್ಗಿದ. "ಎಂತ ಅಡುಗೆ?"

"ಬಸಳೆ. ನೀವೆಲ್ಲಿದ್ದೀರಿ?"

"ರೂಮಲ್ಲಿ. ಇವತ್ತು ರಜೆ ಅಲ್ವಾ, ಮಲಗಿದ್ದೇನೆ."

"ಒಬ್ರೇಯಾ?"

"ಮತ್ತೆ? ಇಲ್ಲಿ ನನಗೆ ಯಾರಿದ್ದಾರೆ?"



"ಹಾಗಾದ್ರೆ ಎದ್ದು ಬಾಗಿಲು ತೆಗೀರಿ," ಎಂದಳು. "ಅರ್ಧ ಗಂಟೆಯಿಂದ ನಿಮ್ಮ ರೂಮಿನ ಬಾಗಿಲು ಬಡೀತಾ ಇದ್ದೇನೆ."